ಟಿಕೆಟ್ ಮಕ್ಕಳಿಗೂ ಬೇಕು, ಅವರ ಅಭಿಪ್ರಾಯ ಮಾತ್ರ ಬೇಡ್ವಾ?

ಯಲಹಂಕ: ಪೋಸ್ಟರ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತೆ, 'ಮನೆಮಂದಿಯೆಲ್ಲಾ ಕೂತು ನೋಡುವ ಸಿನಿಮಾ'. ಇದನ್ನ ಬರೆದವರು ಯಾರು? ಸಿನಿಮಾ ಮಾಡಿದವರೇ. ಚೆನ್ನಾಗಿದೆ ಅಂತ ಯೂಟ್ಯೂಬಲ್ಲಿ ಹೇಳಿದವರು ಯಾರು? ಮೂವತ್ತು ದಾಟಿದ ಗಂಡಸರು. ಹೋಗೋಣ ಅಂತ ತೀರ್ಮಾನ ಮಾಡಿದ್ದು? ಅಪ್ಪ. ಒಳಗೆ ಹೋಗಿ ಎರಡೂವರೆ ಗಂಟೆ ಕೂರೋದು ಮಾತ್ರ ಮಕ್ಕಳು. ಅವರನ್ನ ಯಾರೂ ಕೇಳಲ್ಲ.

ಮಲ್ಟಿಪ್ಲೆಕ್ಸಲ್ಲಿ ಮೂರು ವರ್ಷ ದಾಟಿದ ಮಗುವಿಗೂ ಪೂರ್ತಿ ಟಿಕೆಟ್. ಅರ್ಧ ಟಿಕೆಟ್ ಅನ್ನೋದು ಬಸ್ಸಲ್ಲಿ ಮಾತ್ರ. ದುಡ್ಡು ತಗೊಳ್ಳುವಾಗ ಮಗು ಒಬ್ಬ ಪೂರ್ತಿ ಪ್ರೇಕ್ಷಕ, ಅಭಿಪ್ರಾಯ ಕೇಳುವಾಗ 'ಅದಕ್ಕೇನು ಗೊತ್ತಾಗುತ್ತೆ' ಅನ್ನೋ ಮಾತು. ಇವತ್ತಿನ ಬರಹ ಈ ವ್ಯತ್ಯಾಸದ ಬಗ್ಗೆ.

ಒಂದು ಭಾನುವಾರದ ಲೆಕ್ಕ

ಟಿಕೆಟ್ ದರದ ಕಥೆ ಎಲ್ಲರಿಗೂ ಗೊತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಮಾರ್ಚ್ ಬಜೆಟ್‌ನಲ್ಲಿ 200 ರೂಪಾಯಿ ಮಿತಿ ಅಂದರು. ಸೆಪ್ಟೆಂಬರ್ 12ಕ್ಕೆ ಸರ್ಕಾರದ ಅಧಿಸೂಚನೆ ಬಂತು, 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಆ ಮಿತಿ ಜಾರಿಗೆ ಬಂದಿದ್ದರೂ ಅದರ ಮೇಲೆ ತೆರಿಗೆ ಬೇರೆ. 200ಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 236. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ 944 ರೂಪಾಯಿ. ಪಾಪ್‌ಕಾರ್ನ್, ಪಾರ್ಕಿಂಗ್, ಆಟೋ ಈ ಲೆಕ್ಕದಲ್ಲಿಲ್ಲ.

ಅಂಗಡಿ ಇಟ್ಟುಕೊಂಡವರಿಗೆ ಇನ್ನೊಂದು ನಷ್ಟ ಇದೆ. ಭಾನುವಾರ ಸಂಜೆ ಅಂದರೆ ವ್ಯಾಪಾರದ ಹೊತ್ತು. ಶೆಟರ್ ಎಳೆದು ಮನೆಯವರನ್ನ ಸಿನಿಮಾಗೆ ಕರ್ಕೊಂಡು ಹೋದರೆ ಆ ದಿನದ ಗಲ್ಲಾ ಖಾಲಿ. ಇಷ್ಟು ಬಿಟ್ಟು ಹೋದ ಮೇಲೆ ಸಿನಿಮಾ ಮಕ್ಕಳಿಗೆ ಆಗಿಬರಲಿಲ್ಲ ಅಂದರೆ?

ನನಗೇ ಆಗಿದೆ. ಅಕ್ಕನ ಮಗನಿಗೆ ಒಂಬತ್ತು ವರ್ಷ. 'ಫ್ಯಾಮಿಲಿ ಎಂಟರ್‌ಟೇನರ್' ಅಂತ ನಂಬಿ ಅವನನ್ನ ಒಂದು ಸಿನಿಮಾಗೆ ಕರ್ಕೊಂಡು ಹೋಗಿದ್ದೆ. ಇಂಟರ್ವಲ್ ಮುಂಚೆನೇ ಮಚ್ಚು ಹೊರಗೆ ಬಂತು. ಹುಡುಗ ನನ್ನ ಶರ್ಟ್ ತೋಳಲ್ಲಿ ಮುಖ ಮುಚ್ಚಿಕೊಂಡ. ಮನೆಗೆ ಬರ್ತಾ ಹೇಗಿತ್ತೋ ಅಂತ ಕೇಳಿದೆ. ಚೆನ್ನಾಗಿತ್ತು ಮಾಮ ಅಂದ, ಯಾಕಂದ್ರೆ ದುಡ್ಡು ಕೊಟ್ಟಿದ್ದು ನಾನು. ಎರಡು ದಿನ ಆದಮೇಲೆ ಅಕ್ಕನ ಹತ್ತಿರ ನಿಜ ಹೇಳಿದ್ದ. ಸಿನಿಮಾದಲ್ಲಿ ಸತ್ತವರ ಮಕ್ಕಳು ಆಮೇಲೆ ಎಲ್ಲಿ ಹೋದರು ಅನ್ನೋದು ಅವನ ಪ್ರಶ್ನೆ. ನಾನು ನೋಡಿದ ಯಾವ ವಿಮರ್ಶೆಯಲ್ಲೂ ಆ ಪ್ರಶ್ನೆ ಇರಲಿಲ್ಲ.

ಪಕ್ಕದಲ್ಲೇ ಉತ್ಸವ, ಒಳಗೆ ಬಿಡಲ್ಲ

ನಮ್ಮ ಉತ್ತರ ಬೆಂಗಳೂರಿನವರಿಗೆ ಚಿತ್ರೋತ್ಸವ ದೂರದ ಮಾತಲ್ಲ. ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ 16ನೇ ಆವೃತ್ತಿ 2025ರ ಮಾರ್ಚ್ 1ರಿಂದ 8ರವರೆಗೆ ಒರಾಯನ್ ಮಾಲ್‌ನಲ್ಲಿ ನಡೆಯಿತು. ಯಶವಂತಪುರದಲ್ಲಿ ಮೆಟ್ರೋ ಹತ್ತಿದರೆ ಮುಂದಿನ ಸ್ಟೇಷನ್ ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಅಲ್ಲಿಂದ ಸ್ವಲ್ಪ ನಡಿಗೆ. ಹತ್ತಾರು ದೇಶಗಳ ಸಿನಿಮಾ ನಮ್ಮ ಬಾಗಿಲಿಗೇ ಬಂದಿತ್ತು.

ಆದರೆ ಪಾಸ್ ಸಿಗೋದು 18 ತುಂಬಿದವರಿಗೆ. ಇದರಲ್ಲಿ ಅಕಾಡೆಮಿಯವರ ಹಟ ಏನೂ ಇಲ್ಲ. ಉತ್ಸವಕ್ಕೆ ಬರುವ ಬಹುತೇಕ ವಿದೇಶಿ ಸಿನಿಮಾಗಳಿಗೆ ನಮ್ಮ ಸೆನ್ಸಾರ್ ಸರ್ಟಿಫಿಕೇಟ್ ಇರಲ್ಲ. ಸಿನಿಮಾಟೋಗ್ರಾಫ್ ಕಾಯ್ದೆಯ 9ನೇ ಸೆಕ್ಷನ್ ಅಡಿ ವಿನಾಯಿತಿ ತಗೊಂಡು ತೋರಿಸ್ತಾರೆ. ಸರ್ಟಿಫಿಕೇಟ್ ಇಲ್ಲದ್ದನ್ನ ಮಕ್ಕಳಿಗೆ ತೋರಿಸಬಾರದು ಅನ್ನೋದು ಸರಿಯಾದ ಮಾತೇ. ಗೋವಾದ ಚಿತ್ರೋತ್ಸವದಲ್ಲೂ ಪ್ರತಿನಿಧಿ ಪಾಸ್‌ಗೆ ಇದೇ 18ರ ಗೆರೆ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಈ ತಡೆಯ ಮೂಲ ಇರೋದು ಸರ್ಟಿಫಿಕೇಟ್ ಇಲ್ಲದ ಸಿನಿಮಾದಲ್ಲಿ. 'ಯು' ಸರ್ಟಿಫಿಕೇಟ್ ಇರುವ ಕನ್ನಡ ಮಕ್ಕಳ ಸಿನಿಮಾವನ್ನ ಮಕ್ಕಳಿಗೆ ತೋರಿಸೋಕೆ ಯಾವ ವಿನಾಯಿತಿಯೂ ಬೇಡ. ಅಂದ್ರೆ ಮುಖ್ಯ ಉತ್ಸವದ ಜೊತೆಗೇ, ಬೇರೆ ಪರದೆಯಲ್ಲಿ, ಬೇರೆ ಪಾಸ್ ಇಟ್ಟು ಮಕ್ಕಳ ವಿಭಾಗ ಮಾಡೋಕೆ ಕಾನೂನು ಅಡ್ಡ ಬರಲ್ಲ. ಬೇಕಾಗಿರೋದು ಮನಸ್ಸು.

ಬೇರೆ ಕಡೆ ಏನ್ ಮಾಡ್ತಾರೆ

ಇಟಲಿಯಲ್ಲಿ ಜಿಫೋನಿ ಅಂತ ಒಂದು ಚಿಕ್ಕ ಊರು. 1971ರಿಂದ ಅಲ್ಲಿ ಚಿತ್ರೋತ್ಸವ ನಡೀತಿದೆ. ತೀರ್ಪುಗಾರರು ಮಕ್ಕಳೇ. 3+, 6+, 10+, 13+ ಹೀಗೆ ವಯಸ್ಸಿನ ಪ್ರಕಾರ ಗುಂಪು ಮಾಡಿರ್ತಾರೆ. ಸಿನಿಮಾ ನೋಡಿದ ಮೇಲೆ ನಿರ್ದೇಶಕರನ್ನ ಮಕ್ಕಳು ನೇರವಾಗಿ ಪ್ರಶ್ನೆ ಕೇಳ್ತಾರೆ, ಆಮೇಲೆ ವೋಟು ಹಾಕ್ತಾರೆ. ಬರ್ಲಿನ್ ಚಿತ್ರೋತ್ಸವದ 'ಜನರೇಷನ್' ವಿಭಾಗದಲ್ಲಿ ಕ್ರಿಸ್ಟಲ್ ಬೇರ್ ಪ್ರಶಸ್ತಿ ಯಾರಿಗೆ ಅಂತ ತೀರ್ಮಾನ ಮಾಡೋದು ಮಕ್ಕಳ, ಹದಿಹರೆಯದವರ ಜ್ಯೂರಿ.

ಅಮೆರಿಕದಲ್ಲಿ 1991ರಲ್ಲಿ ಶುರುವಾದ 'ಕಿಡ್ಸ್ ಫಸ್ಟ್' ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಮಕ್ಕಳಿಗೆ ವಿಮರ್ಶೆಯ ತರಬೇತಿ ಕೊಡ್ತಾರೆ. ಅವರು ಹೊಸ ಸಿನಿಮಾ ನೋಡಿ ಕ್ಯಾಮೆರಾ ಮುಂದೆ ಮಾತಾಡ್ತಾರೆ, ಉತ್ಸವಗಳಿಗೆ ಹೋಗಿ ಕಲಾವಿದರನ್ನ, ನೋಡಲು ಬಂದವರನ್ನ ಸಂದರ್ಶನ ಮಾಡ್ತಾರೆ. ಕಥೆ ಏನು, ಯಾವುದು ಇಷ್ಟ ಆಯ್ತು, ಯಾವ ವಯಸ್ಸಿನವರು ನೋಡಬಹುದು ಅಂತ ಹೇಳಲೇಬೇಕು. ಒಬ್ಬ ಅಮ್ಮನಿಗೆ ಬೇಕಾಗಿರೋದು ಈ ಮೂರೇ ಮಾತು ತಾನೇ?

ನಮ್ಮ ದೇಶದಲ್ಲೂ ಇತ್ತು. ಮಕ್ಕಳಿಗಾಗಿ ಸಿನಿಮಾ ಮಾಡೋಕೆ ಅಂತಲೇ 1955ರಲ್ಲಿ ಭಾರತೀಯ ಮಕ್ಕಳ ಚಲನಚಿತ್ರ ಸಂಸ್ಥೆ ಹುಟ್ಟಿತು. ಅದು ಹೈದರಾಬಾದಿನಲ್ಲಿ ಎರಡು ವರ್ಷಕ್ಕೊಮ್ಮೆ 'ಗೋಲ್ಡನ್ ಎಲಿಫೆಂಟ್' ಅಂತರರಾಷ್ಟ್ರೀಯ ಮಕ್ಕಳ ಚಿತ್ರೋತ್ಸವ ನಡೆಸ್ತಿತ್ತು. ಅದರಲ್ಲಿ ಮಕ್ಕಳ ಜ್ಯೂರಿಯೂ ಇತ್ತು. 20ನೇ ಆವೃತ್ತಿ ನಡೆದಿದ್ದು 2017ರಲ್ಲಿ. 2022ರಲ್ಲಿ ಆ ಸಂಸ್ಥೆಯನ್ನೇ ಎನ್‌ಎಫ್‌ಡಿಸಿ ಜೊತೆ ಸೇರಿಸಿಬಿಟ್ಟರು.

ಕನ್ನಡದ ಮಕ್ಕಳು ಕಮ್ಮಿ ಏನಲ್ಲ

ಇದೆಲ್ಲ ಫಾರಿನ್ ಮಕ್ಕಳಿಗೆ ಸರಿ ಅನ್ನೋರು ನಮ್ಮದೇ ಚರಿತ್ರೆ ನೋಡಲಿ. 2006ರ 'ಕೇರಾಫ್ ಫುಟ್‌ಪಾತ್' ನಿರ್ದೇಶಿಸಿದ ಮಾಸ್ಟರ್ ಕಿಶನ್‌ಗೆ ಆಗ ಹತ್ತು ವರ್ಷದ ಆಸುಪಾಸು. ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರ ರಾಷ್ಟ್ರ ಪ್ರಶಸ್ತಿ ಬಂತು. ನಮ್ಮ ಊರಿನ ಹುಡುಗ ಸಿನಿಮಾನೇ ಮಾಡಬಹುದಾದರೆ, ನೋಡಿದ ಸಿನಿಮಾ ಹೇಗಿತ್ತು ಅಂತ ಹೇಳೋದು ದೊಡ್ಡ ವಿಷಯವಾ?

ಪಿ. ಶೇಷಾದ್ರಿ ಅವರ 'ತುತ್ತೂರಿ' ಬೆಂಗಳೂರಿನ ಮಕ್ಕಳು ಆಟದ ಜಾಗಕ್ಕಾಗಿ ಹೋರಾಡುವ ಕಥೆ. ಬಡಾವಣೆಗಳಲ್ಲಿ ಖಾಲಿ ಸೈಟು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗೋದನ್ನ ನೋಡ್ತಿರೋ ನಮ್ಮ ಕಡೆಯವರಿಗೆ ಅದು ಹಳೇ ಸಿನಿಮಾ ಅನ್ನಿಸಲ್ಲ. ಧಾರವಾಡ ಸೀಮೆಯ 'ಪುಟಾಣಿ ಪಾರ್ಟಿ' ಇನ್ನೂ ಹತ್ತಿರ. ಹಳ್ಳಿಯ ಮಕ್ಕಳ ಸಮಿತಿಯವರು ದೊಡ್ಡವರನ್ನ ಪ್ರಶ್ನೆ ಮಾಡೋಕೆ ಶುರುಮಾಡಿದಾಗ ಏನಾಗುತ್ತೆ ಅನ್ನೋದೇ ಕಥೆ. ರಿಷಬ್ ಶೆಟ್ಟಿ ಅವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಅಂತೂ ಎಲ್ಲರಿಗೂ ನೆನಪಿದೆ. 2018ರಲ್ಲಿ ಬಂತು, ಮಕ್ಕಳ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ತಗೊಂಡಿತು, ಥಿಯೇಟರಲ್ಲೂ ಚೆನ್ನಾಗಿ ಓಡಿತು. ಗಡಿ ಆಚೆಯ ಕನ್ನಡ ಶಾಲೆಯ ಸಂಕಟ ಮಕ್ಕಳ ಬಾಯಲ್ಲಿ ಬಂದಿದ್ದಕ್ಕೇ ದೊಡ್ಡವರಿಗೂ ಮುಟ್ಟಿತು.

ತೆರೆ ಆಚೆಗೂ ಉದಾಹರಣೆ ಇದೆ. ಕುಂದಾಪುರ ಸೀಮೆಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿ ನಡೆದಿತ್ತು. ದುಡಿಯುವ ಮಕ್ಕಳ 'ಭೀಮ ಸಂಘ' ತನ್ನದೇ ಗೋಡೆ ಪತ್ರಿಕೆ ತರ್ತಿತ್ತು. ಈಗ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಸರ್ಕಾರದ್ದೇ ಆದೇಶ ಇದೆ. ಶೌಚಾಲಯ ಸರಿಯಿಲ್ಲ, ಬಸ್ ಬರಲ್ಲ ಅಂತ ಪಿಡಿಒ ಮುಂದೆ ಎದ್ದು ಹೇಳುವ ಮಗು ಸಿನಿಮಾ ಬಗ್ಗೆ ಹೇಳಲ್ವಾ?

ಯುಎ 7+ ಅಂದ್ರೆ ಏನು?

ಮೊದಲು 'ಯುಎ' ಅಂತ ಒಂದೇ ಗುರುತು ಇತ್ತು. 2023ರ ತಿದ್ದುಪಡಿ ಕಾಯ್ದೆ, 2024ರ ನಿಯಮಗಳ ಪ್ರಕಾರ ಈಗ ಅದು ಮೂರಾಗಿದೆ: ಯುಎ 7+, ಯುಎ 13+, ಯುಎ 16+. ಟಿಕೆಟ್ ಬುಕ್ ಮಾಡುವಾಗ ಹೆಸರಿನ ಪಕ್ಕದಲ್ಲೇ ಇರುತ್ತೆ, ನಾವು ನೋಡಲ್ಲ ಅಷ್ಟೇ.

ಗೊತ್ತಿರಬೇಕಾದ ವಿಷಯ: 'ಎ' ಸಿನಿಮಾಗೆ 18 ತುಂಬದವರನ್ನ ಥಿಯೇಟರಿನವರು ಬಿಡೋ ಹಾಗಿಲ್ಲ. ಆದರೆ ಯುಎ ಗುರುತು ಅಪ್ಪ ಅಮ್ಮನಿಗೆ ಸಲಹೆ ಮಾತ್ರ. ಯುಎ 16+ ಸಿನಿಮಾಗೆ ಆರು ವರ್ಷದ ಮಗು ಕರ್ಕೊಂಡು ಹೋದರೆ ಬಾಗಿಲಲ್ಲಿ ಯಾರೂ ತಡೆಯಲ್ಲ. ಜವಾಬ್ದಾರಿ ಪೂರ್ತಿ ಮನೆಯವರದ್ದು.

ಹಾಗಾದ್ರೆ ಮನೆಯವರು ಯಾವ ಆಧಾರದ ಮೇಲೆ ತೀರ್ಮಾನ ಮಾಡಬೇಕು? ಸರ್ಟಿಫಿಕೇಟ್ 13 ಅನ್ನೋ ಸಂಖ್ಯೆ ಹೇಳುತ್ತೆ. ಮಗು ಹೆದರೋ ಜಾಗ ಯಾವುದು, ಬೋರ್ ಆಗೋದು ಎಲ್ಲಿ, ಮನೆಗೆ ಬಂದಮೇಲೆ ಯಾವ ಬೈಗುಳ ಬಾಯಿಗೆ ಬರುತ್ತೆ, ಇದನ್ನ ಆ ಸಂಖ್ಯೆ ಹೇಳಲ್ಲ. ಹತ್ತು ವರ್ಷದ ಹುಡುಗಿ ಹೇಳ್ತಾಳೆ. ಜಿಫೋನಿಯಲ್ಲಿ ವಯಸ್ಸಿನ ಗುಂಪು ಮಾಡೋದು ಮಕ್ಕಳ ಮಾತು ಕೇಳೋಕೆ. ನಮ್ಮಲ್ಲಿ ವಯಸ್ಸಿನ ಗೆರೆ ಎಳೆದಿದ್ದೀವಿ, ಆದರೆ ಮಕ್ಕಳನ್ನ ಮಾತಾಡಿಸೋಕೆ ಅದನ್ನ ಬಳಸಿಲ್ಲ.

ಮೈಕ್ ಕೊಟ್ಟರೆ ಸಾಲದು

ಅಕ್ಕನ ಮಗ, ಅವನ ಇಬ್ಬರು ಗೆಳೆಯರ ಕೈಗೆ ನನ್ನ ಮೊಬೈಲ್ ಕೊಟ್ಟು ನಮ್ಮ ಬೀದಿಯ ಅಂಗಡಿಯವರನ್ನ ಮಾತಾಡಿಸೋಕೆ ಬಿಟ್ಟಿದ್ದೆ. ಮನೆಯವರ ಜೊತೆ ಕೊನೆಗೆ ನೋಡಿದ ಸಿನಿಮಾ ಯಾವುದು ಅನ್ನೋದು ಪ್ರಶ್ನೆ. ನಾನು ಕೇಳಿದ್ರೆ 'ಚೆನ್ನಾಗಿತ್ತು ಬ್ರದರ್' ಅಂತ ಮುಗಿಸ್ತಿದ್ದರು. ಮಕ್ಕಳು ಕೇಳಿದಾಗ ಕೈಲಿದ್ದ ಕೆಲಸ ನಿಲ್ಲಿಸಿ ಯೋಚನೆ ಮಾಡಿದರು. ಒಬ್ಬರು ದಿನಸಿ ಅಂಗಡಿಯವರು ಮಗಳು ಹುಟ್ಟಿದ ಮೇಲೆ ಥಿಯೇಟರಿಗೇ ಹೋಗಿಲ್ಲ ಅಂತ ನೆನಪು ಮಾಡಿಕೊಂಡರು. ಮಗಳೀಗ ಐದನೇ ಕ್ಲಾಸ್. ಇದು ಸಿನಿಮಾ ವಿಮರ್ಶೆ ಅಲ್ಲ ಇರಬಹುದು, ಆದರೆ ಥಿಯೇಟರು ಯಾಕೆ ಖಾಲಿ ಅನ್ನೋದಕ್ಕೆ ಒಂದು ಉತ್ತರ.

ತಪ್ಪುಗಳೂ ಆದವು. ಎರಡನೇ ಅಂಗಡಿಗೆ ಹೋಗುವಷ್ಟರಲ್ಲಿ ಮಕ್ಕಳು ಟಿವಿ ಆಂಕರ್ ಥರ ಕಿರುಚೋಕೆ ಶುರುಮಾಡಿದರು. ಅಪಾಯ ಇರೋದೇ ಇಲ್ಲಿ. ಮಗುವಿನ ವಿಡಿಯೋಗೆ ವ್ಯೂಸ್ ಬರುತ್ತೆ ಅಂತ ಗೊತ್ತಾದರೆ ಪ್ರಚಾರದವರು ಬರ್ತಾರೆ, ಹೇಳಿಕೊಟ್ಟ ಡೈಲಾಗ್ ಹೇಳಿಸ್ತಾರೆ, ಅಪ್ಪ ಅಮ್ಮನೂ ಖುಷಿಯಿಂದ ಒಪ್ಪಿಬಿಡ್ತಾರೆ. ಆಗ ಅದು ವಿಮರ್ಶೆ ಅಲ್ಲ, ಪುಕ್ಕಟೆ ಜಾಹೀರಾತು. ಕಾಮೆಂಟಲ್ಲಿ ಯಾರ್ಯಾರೋ ಬೈದರೆ ಅದನ್ನ ಓದೋದು ಆ ಮಗುನೇ.

ಅದಕ್ಕೆ ಕೆಲವು ಕಟ್ಟುನಿಟ್ಟು ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು. ಮುಖ ತೋರಿಸಲೇಬೇಕು ಅಂತೇನಿಲ್ಲ, ಬರೆಸಬಹುದು, ದನಿ ಮಾತ್ರ ಹಾಕಬಹುದು. ಶಾಲೆಯ ಹೆಸರು, ಮನೆಯ ಬೀದಿ ಹಾಕಬಾರದು. ಸಿನಿಮಾದವರಿಂದ ಟಿಕೆಟ್, ಉಡುಗೊರೆ ತಗೊಳ್ಳಬಾರದು. 'ಇಷ್ಟ ಆಗಲಿಲ್ಲ' ಅಂತ ಹೇಳೋ ಹಕ್ಕು ಮಗುವಿಗೆ ಇರಲೇಬೇಕು. ಅದಿಲ್ಲ ಅಂದ್ರೆ ಮಿಕ್ಕಿದ್ದೆಲ್ಲ ದಂಡ.

ನಮ್ಮ ಕಡೆಯಲ್ಲೇ ಶುರು ಮಾಡಬಹುದು

ಚಿತ್ರೋತ್ಸವದವರು ಬಾಗಿಲು ತೆಗೆಯೋವರೆಗೂ ಕಾಯಬೇಕಾಗಿಲ್ಲ. ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ ಇದೆ. ಕ್ಯಾಮೆರಾ, ಸೌಂಡು ಕಲಿಯೋ ಹುಡುಗರು ಅಲ್ಲಿದ್ದಾರೆ. ಯಲಹಂಕದ ಸರ್ಕಾರಿ ಶಾಲೆಗಳಿಗೆ ತಿಂಗಳಿಗೊಂದು ಶನಿವಾರ ಅವರು ಬಂದರೆ ಸಾಕು. ಶಾಲೆಯ ಹಾಲ್ ಅಥವಾ ಸಮುದಾಯ ಭವನ, ಒಂದು ಪ್ರೊಜೆಕ್ಟರ್, 'ಯು' ಸರ್ಟಿಫಿಕೇಟ್ ಇರುವ ಒಂದು ಕನ್ನಡ ಸಿನಿಮಾ. ಹಕ್ಕು ಇರುವ ನಿರ್ಮಾಪಕರ ಅನುಮತಿ ಮೊದಲೇ ಕೇಳಬೇಕು, ಪೆನ್‌ಡ್ರೈವಲ್ಲಿ ಪೈರೇಟೆಡ್ ತಂದು ಹಾಕೋ ಹಾಗಿಲ್ಲ. ಸಿನಿಮಾ ಮುಗಿದಮೇಲೆ ಅರ್ಧ ಗಂಟೆ ಮಕ್ಕಳ ಮಾತು, ಆಮೇಲೆ ಬಂದ ಅಪ್ಪ ಅಮ್ಮನಿಗೆ ಮಕ್ಕಳಿಂದಲೇ ಪ್ರಶ್ನೆ. ಬರೆದಿದ್ದು ಶಾಲೆಯ ನೋಟಿಸ್ ಬೋರ್ಡಿಗೆ. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಮಾಡಿಸುವ ನಮ್ಮ ವರ್ತಕರಿಗೆ ಇದರ ಖರ್ಚು ದೊಡ್ಡದಲ್ಲ.

ಅಕಾಡೆಮಿಯವರು ಮುಂದಿನ ಉತ್ಸವಕ್ಕೆ ಎರಡು ದಿನದ ಮಕ್ಕಳ ವಿಭಾಗ ಇಟ್ಟರೆ, ಹೀಗೆ ತಯಾರಾದ ಮಕ್ಕಳೇ ಅಲ್ಲಿ ಜ್ಯೂರಿ, ಅವರೇ ವರದಿಗಾರರು. ಸಂಜಯನಗರದ ವೈಭವ್, ಯಶವಂತಪುರದ ಗೋವರ್ಧನ್, ಆರ್.ಟಿ. ನಗರದ ರಾಧಾಕೃಷ್ಣ, ಈ ಹೆಸರು ಕೇಳಿದ ತಕ್ಷಣ ಅಪ್ಪನ ಕೈ ಹಿಡಿದು ನೋಡಿದ ಮೊದಲ ಸಿನಿಮಾ ನೆನಪಾಗುವವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಈಗಿನ ಮಕ್ಕಳಿಗೆ ಆ ನೆನಪು ಮೊಬೈಲಲ್ಲಿ ಸಿಗಲ್ಲ.

ಅಲ್ಲಿವರೆಗೆ ಒಂದು ಕೆಲಸ ಮಾಡಿ. ಈ ವಾರ ಮಕ್ಕಳ ಜೊತೆ ಸಿನಿಮಾಗೆ ಹೋದರೆ ಬುಕ್ ಮಾಡುವ ಮುಂಚೆ ಯುಎ ಪಕ್ಕದ ಸಂಖ್ಯೆ ನೋಡಿ. ವಾಪಸ್ ಬರುವಾಗ 'ಚೆನ್ನಾಗಿತ್ತಾ' ಅಂತ ಕೇಳಬೇಡಿ, ಅದಕ್ಕೆ 'ಹೂಂ' ಅಂತಾರೆ. 'ಯಾವ ಜಾಗದಲ್ಲಿ ಕಣ್ಣು ಮುಚ್ಚಿಕೊಂಡೆ' ಅಂತ ಕೇಳಿ. ಉತ್ತರ ಬರೋಕೆ ಎರಡು ದಿನ ಹಿಡಿಯಬಹುದು. ಕಾಯಿರಿ.