ರೋಗ ಬಂದ ಮೇಲೆ ಬಂದ ಹಣ



ತೊಗರಿಗೆ ನೆಟೆರೋಗ ಬಿದ್ದ ಮೇಲೆ ಔಷಧಿ ಕೇಳಿಕೊಂಡು ಬರುವವರಿಗೆ ನಾವು ಹೇಳುವ ಮಾತು ನಿಮಗೆಲ್ಲ ಬಾಯಿಪಾಠವಾಗಿದೆ. ಬಾಡತೊಡಗಿದ ಗಿಡವನ್ನು ಉಳಿಸುವ ಔಷಧಿ ಇಲ್ಲ. ಟಿ.ಎಸ್. 3-ಆರ್‌ನಂಥ ರೋಗ ತಡೆಯುವ ತಳಿಯನ್ನು ಆರಿಸಿ, ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ ಬಿತ್ತುವುದೊಂದೇ ದಾರಿ. ಈ ವಾರ ಬೆಳೆಯ ಮಾತನ್ನು ಬದಿಗಿಟ್ಟು, ಊರಿನ ಆರೋಗ್ಯಕ್ಕೆಂದು ಪಂಚಾಯಿತಿಗೆ ಬರುವ ಅನುದಾನದ ಬಗ್ಗೆ ಬರೆಯುತ್ತಿದ್ದೇನೆ. ಕೃಷಿ ಇಲಾಖೆಯವನಿಗೆ ಈ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಹೊಲಕ್ಕೆ ಹೋಗುವ ಮನುಷ್ಯ ಹಾಸಿಗೆ ಹಿಡಿದರೆ ನಮ್ಮ ಇಲಾಖೆಯ ಸಲಹೆಗಳೆಲ್ಲ ಕಾಗದದಲ್ಲೇ ಉಳಿಯುತ್ತವೆ.

ಕೊರೋನಾ ರೋಗದಿಂದ ನಮ್ಮ ದೇಶದಲ್ಲಾದ ಮೊದಲ ಸಾವು ಕಲಬುರಗಿಯ ಹಿರಿಯರೊಬ್ಬರದು, 2020ರ ಮಾರ್ಚ್ 10ರಂದು. ಅದಾದ ಎರಡು ತಿಂಗಳಿಗೆ ಮುಂಬಯಿ, ಪುಣೆಗಳಿಗೆ ಗುಳೆ ಹೋದ ನಮ್ಮ ಜನ ಮಕ್ಕಳುಮರಿ ಕಟ್ಟಿಕೊಂಡು ಮರಳಿ ಬಂದರು. ಅವರನ್ನು ಶಾಲೆಗಳಲ್ಲಿ, ವಸತಿನಿಲಯಗಳಲ್ಲಿ ಇರಿಸಲಾಯಿತು. ಅವರಿಗೆ ರೊಟ್ಟಿ ಯಾರು ಕೊಡಬೇಕು, ನೀರು ಯಾರು ತುಂಬಬೇಕು, ಶೌಚಾಲಯ ಯಾರು ತೊಳೆಯಬೇಕು ಎಂಬ ಪ್ರಶ್ನೆಗಳು ಬಂದು ನಿಂತದ್ದು ಪಂಚಾಯಿತಿಯ ಬಾಗಿಲಲ್ಲಿ. ಆದರೆ ಅದೇ ವರ್ಷದ ನಡುವಿನಲ್ಲಿ ಪಂಚಾಯಿತಿ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಗಳ ಕೈಗೆ ಕಾರುಬಾರು ಹೋಯಿತು. ಚುನಾವಣೆ ನಡೆದದ್ದು ಡಿಸೆಂಬರ್ 22 ಮತ್ತು 27ರಂದು. ಹೊಸದಾಗಿ ಆರಿಸಿಬಂದವರು ಕುರ್ಚಿಯಲ್ಲಿ ಸರಿಯಾಗಿ ಕೂಡುವ ಮೊದಲೇ ಎರಡನೆಯ ಅಲೆ ಬಂದುಬಿಟ್ಟಿತು.

ಇನ್ನು ಹಣ ಬಂದ ದಿನಗಳನ್ನು ನೋಡಿರಿ. ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ತಗುಲಿದ ವರದಿಯಾದದ್ದು 2021ರ ಮೇ 5ರಂದು. ಹದಿನೈದನೆಯ ಹಣಕಾಸು ಆಯೋಗದ ಅನುದಾನದಲ್ಲಿ ಪಂಚಾಯಿತಿಗಳಿಗೆ ಜೂನ್‌ನಲ್ಲಿ ಬರಬೇಕಾಗಿದ್ದ ಕಂತನ್ನು ಕೇಂದ್ರ ಸರ್ಕಾರ ಮುಂಚಿತವಾಗಿ ಬಿಡುಗಡೆ ಮಾಡಿದ್ದು ಮೇ 8ರಂದು. 25 ರಾಜ್ಯಗಳಿಗೆ ಒಟ್ಟು 8,923.8 ಕೋಟಿ ರೂಪಾಯಿ. ರಾಜ್ಯ ಸರ್ಕಾರ ಪ್ರತಿ ಗ್ರಾಮ ಪಂಚಾಯಿತಿಗೆ 50 ಸಾವಿರ ರೂಪಾಯಿ ಕೊಡುವುದಾಗಿ ಸಾರಿದ್ದು ಮೇ 19ರಂದು. ಸುಮಾರು 6 ಸಾವಿರ ಪಂಚಾಯಿತಿಗಳಿಗೆ ಅದು 30 ಕೋಟಿ. ಕೇಳುವುದಕ್ಕೆ ದೊಡ್ಡ ಮೊತ್ತವೇ. 2011ರ ಜನಗಣತಿಯ ಪ್ರಕಾರ ರಾಜ್ಯದ ಹಳ್ಳಿಗಳ ಜನಸಂಖ್ಯೆ ಮೂರೂ ಮುಕ್ಕಾಲು ಕೋಟಿಯ ಹತ್ತಿರ. ಭಾಗಿಸಿದರೆ ತಲೆಗೆ ಎಂಟು ರೂಪಾಯಿ! ಆ ದಿನಗಳಲ್ಲಿ ಎಂಟು ರೂಪಾಯಿಗೆ ಒಂದು ಒಳ್ಳೆಯ ಮುಖಗವುಸೂ ಬರುತ್ತಿರಲಿಲ್ಲ.

ಕೊಟ್ಟದ್ದು ಕಡಿಮೆ ಎಂದು ದೂರುವುದು ಸುಲಭ. ದೂರುವುದರಲ್ಲಿ ನ್ಯಾಯವೂ ಇದೆ. ಆದರೆ ಪಂಚಾಯಿತಿಯ ಖಾತೆಯಲ್ಲಿ ಇದ್ದ ಹಣವನ್ನೂ ಬೇಕಾದ ಹೊತ್ತಿಗೆ ಬಳಸಲು ಏಕೆ ಕಷ್ಟ ಎಂಬುದನ್ನು ನಾವು ತಿಳಿದುಕೊಳ್ಳಬೇಕು. 2021ರಿಂದ 2026ರ ಮಾರ್ಚ್‌ವರೆಗಿನ ಆಯೋಗದ ಅವಧಿಯಲ್ಲಿ ನೂರು ರೂಪಾಯಿ ಬಂದರೆ ಅದರಲ್ಲಿ 60 ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 40 ರೂಪಾಯಿಯನ್ನು ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಾಗಿತ್ತು; ಸಂಬಳ ಸಾರಿಗೆಗಳಿಗೆ ಮಾತ್ರ ಮುಟ್ಟುವಂತಿರಲಿಲ್ಲ. ಆದರೆ ಆ ಕೆಲಸ ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಮೊದಲೇ ಬರೆದಿರಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆ 'ನಮ್ಮ ಗ್ರಾಮ ನಮ್ಮ ಯೋಜನೆ' ಎಂದು ಹೆಸರು. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಹೇಳಿದ 29 ವಿಷಯಗಳಲ್ಲಿ ಆರೋಗ್ಯವೂ ಒಂದು. ಆದುದರಿಂದ ಅದನ್ನು ಬರೆಯಲು ಯಾರ ಅಡ್ಡಿಯೂ ಇಲ್ಲ.

ಬರೆಯುವವರು ಯಾರು? ಇಲ್ಲಿ ತಪ್ಪನ್ನೆಲ್ಲ ಅಧಿಕಾರಿಗಳ ಮೇಲೆ, ಅಧ್ಯಕ್ಷರ ಮೇಲೆ ಹೊರಿಸಿದರೆ ನಡೆಯದು. ಗ್ರಾಮಸಭೆ ಸೇರಿದಾಗ ನಮ್ಮ ಜನ ಕೇಳುವುದೇನು? ನಮ್ಮ ಓಣಿಗೆ ಸಿಮೆಂಟ್ ರಸ್ತೆ, ನಮ್ಮ ಮನೆ ಮುಂದೆ ಚರಂಡಿ, ಗುಡಿಯ ಮುಂದೆ ಫರಸಿ. ಉಪಕೇಂದ್ರದಲ್ಲಿ ಬಿ.ಪಿ. ನೋಡುವ ಯಂತ್ರ ಸರಿಯಿದೆಯೇ, ಬಾಣಂತಿಯನ್ನು ರಾತ್ರಿ ಹೊತ್ತು ಸಾಗಿಸಲು ಯಾರ ಗಾಡಿ, ಅದರ ಬಾಡಿಗೆ ಎಲ್ಲಿಂದ ಎಂದು ಕೇಳುವವರು ಕಡಿಮೆ. ಇಜೇರಿಯ ಕಡೆಯವರಿಗೆ ಈ ಮಾತು ವಿವರಿಸಿ ಹೇಳಬೇಕಾಗಿಲ್ಲ. ಕಾಯಿಲೆ ಕೈಮೀರಿದರೆ ಮೊದಲು ಜೇವರ್ಗಿ, ಅಲ್ಲಿಯೂ ಆಗದಿದ್ದರೆ ಭೀಮೆ ದಾಟಿ ಕಲಬುರಗಿ. ಆಸ್ಪತ್ರೆಯ ಖರ್ಚಿಗಿಂತ ಮೊದಲು ದಾರಿಯ ಖರ್ಚೇ ಬಡವನ ಸೊಂಟ ಮುರಿಯುತ್ತದೆ.

ಇನ್ನೊಂದು ಚಿಕ್ಕ ಗಂಟು ಇದೆ. ಬಹಳ ಜನರಿಗೆ ಅದರ ಸುಳಿವೇ ಇಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಪ್ರಕಾರ ಪ್ರತಿ ಕಂದಾಯ ಗ್ರಾಮಕ್ಕೂ ಒಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರಬೇಕು. ಪಂಚಾಯಿತಿ ಸದಸ್ಯರು ಅದರ ಅಧ್ಯಕ್ಷರು, ಆಶಾ ಕಾರ್ಯಕರ್ತೆ ಅದರ ಕಾರ್ಯದರ್ಶಿ. ಅದಕ್ಕೆ ವರ್ಷಕ್ಕೆ 10 ಸಾವಿರ ರೂಪಾಯಿವರೆಗೆ ಮುಕ್ತ ನಿಧಿ ಎಂದು ಗೊತ್ತುಮಾಡಲಾಗಿದೆ. ಮುಕ್ತ ಎಂದರೆ ಇಂಥದಕ್ಕೇ ಎಂಬ ಕಟ್ಟು ಇಲ್ಲ: ಬಾವಿಗೆ ಔಷಧಿ ಹಾಕಬಹುದು, ಗತಿಯಿಲ್ಲದ ಮನೆಯ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬಹುದು. ಇದರಲ್ಲಿ ಒಂದು ಗುಟ್ಟಿದೆ. ಹಿಂದಿನ ವರ್ಷ ಖರ್ಚಾದಷ್ಟನ್ನೇ ಮರುವರ್ಷ ತುಂಬಿಕೊಡುತ್ತಾರೆ. ಹಣ ಉಳಿಸಿದೆವೆಂದು ಸಂತೋಷಪಟ್ಟ ಊರಿಗೆ ಬರುವುದೇ ಇಲ್ಲ. ಸಮಿತಿ ಸಭೆ ಸೇರದ ಊರಿನಲ್ಲಿ ಈ ಹಣ ಇದ್ದೂ ಇಲ್ಲದಂತೆ.

ಆಶಾ ತಾಯಂದಿರ ಮಾತು ಬಂತು. ಜ್ವರ ಯಾರಿಗಿದೆ, ಹೊರಗಿನಿಂದ ಬಂದವರು ಯಾರೆಂದು ಮನೆ ಮನೆ ತಿರುಗಿ ಪಟ್ಟಿ ಮಾಡಿದವರು ಅವರು; ಕೆಲವು ಕಡೆ ಬೈಗಳನ್ನೂ ತಿಂದರು. ರಾಜ್ಯದಲ್ಲಿ ಅವರು ಸುಮಾರು 42 ಸಾವಿರ ಮಂದಿ. 2020ರಲ್ಲಿ ಸಹಕಾರ ಸಂಸ್ಥೆಗಳ ವತಿಯಿಂದ ತಲಾ 3 ಸಾವಿರ ರೂಪಾಯಿ ಪ್ರೋತ್ಸಾಹಧನ ಕೊಡಿಸಲಾಯಿತು. ನಿಮ್ಮ ಪತ್ತಿನ ಸಂಘ, ನಿಮ್ಮ ಹಾಲಿನ ಸಂಘಗಳಂಥ ಸಂಸ್ಥೆಗಳ ಹಣ ಅದು, ಅಂದರೆ ರೈತನ ಗಂಟಿನಿಂದ ಹೋದದ್ದು. ಸಲ್ಲಬೇಕಾದವರಿಗೆ ಸಂದಿತು ಎಂದು ನೀವು ಹೆಮ್ಮೆಪಡಬಹುದು. ಆದರೆ ಒಂದು ಸಲದ ಪ್ರೋತ್ಸಾಹಧನ ಸಂಬಳವಾಗದು. ಅದೇ ವರ್ಷದ ಜುಲೈ 10ರಿಂದ ತಿಂಗಳಿಗೆ 12 ಸಾವಿರ ಗೌರವಧನ ಬೇಕೆಂದು ಅವರು ಕೆಲಸ ನಿಲ್ಲಿಸಿ ಕೂತರು. ರೋಗದ ಕಾಲದಲ್ಲಿ ಮುಷ್ಕರವೇ ಎಂದು ಪೇಟೆಯಲ್ಲಿ ಮೂಗೆಳೆದವರಿದ್ದರು. ಸುಗ್ಗಿಯ ಹೊತ್ತಿನಲ್ಲಲ್ಲದೆ ಆಳಿಗೆ ಕೂಲಿ ಕೇಳುವ ಬಲ ಬರುವುದಿಲ್ಲವೆಂಬುದು ನಿಮಗೆ ಗೊತ್ತಿದೆ.

ಸತ್ತವರ ಮನೆಗಳ ಮಾತು ಇದೆಲ್ಲಕ್ಕಿಂತ ಭಾರವಾದದ್ದು. ದುಡಿಯುವ ಸದಸ್ಯನನ್ನು ಕಳೆದುಕೊಂಡ ಬಡ ಕುಟುಂಬಕ್ಕೆ 1 ಲಕ್ಷ ರೂಪಾಯಿ ಎಂದು ರಾಜ್ಯ ಸರ್ಕಾರ 2021ರ ಜೂನ್‌ನಲ್ಲಿ ಪ್ರಕಟಿಸಿತು. ಸುಪ್ರೀಂ ಕೋರ್ಟಿನ ಆದೇಶದ ತರುವಾಯ ಪ್ರತಿ ಸಾವಿಗೂ 50 ಸಾವಿರ ರೂಪಾಯಿ ಎಂದು ಗೊತ್ತಾಯಿತು. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ಯೋಜನೆಯೂ ಬಂತು. ಒಳ್ಳೆಯ ಕೆಲಸಗಳೇ. ಆದರೆ ಪರಿಹಾರ ಸಿಕ್ಕಬೇಕಾದರೆ ಸಾವು ಈ ರೋಗದ್ದೇ ಎಂದು ಕಾಗದ ಹೇಳಬೇಕು. ಮೇ ತಿಂಗಳ ಆ ದಿನಗಳಲ್ಲಿ ಜ್ವರ, ಕೆಮ್ಮು ಎಂದು ಮಲಗಿ, ಪರೀಕ್ಷೆಯನ್ನೇ ಮಾಡಿಸದೆ ಮನೆಯಲ್ಲೇ ತೀರಿಕೊಂಡವರಿಗೆ ಯಾವ ಕಾಗದ? ಊರಿಗೆಲ್ಲ ಗೊತ್ತು, ಸರ್ಕಾರಿ ಪುಸ್ತಕಕ್ಕೆ ಗೊತ್ತಿಲ್ಲ. ಹಳೆಯ ಸಾವುಗಳಿಗೆ ಅರ್ಜಿ ಹಾಕುವ ಗಡುವು 2022ರ ಮೇ ತಿಂಗಳಲ್ಲೇ ಮುಗಿಯಿತು. ಪರೀಕ್ಷೆ ಮಾಡುವವರು ಹಳ್ಳಿಗೇ ಬಂದಿದ್ದರೆ, ಸಾವನ್ನು ಆಯಾ ವಾರವೇ ಕಾರಣಸಹಿತ ಬರೆಸಿಕೊಂಡಿದ್ದರೆ, ಎಷ್ಟೋ ವಿಧವೆಯರು ಇಂದು ಸಾಲಗಾರರ ಮುಂದೆ ನಿಲ್ಲಬೇಕಾಗಿರಲಿಲ್ಲ. ಜನನ ಮರಣದ ನೋಂದಣಿಯನ್ನು ನಾವು ಶಾಲೆಗೆ ಸೇರಿಸುವಾಗ, ಪಹಣಿಯಲ್ಲಿ ಹೆಸರು ತಿದ್ದಿಸುವಾಗ ಮಾತ್ರ ನೆನೆಯುತ್ತೇವೆ. ಸತ್ತ 21 ದಿನಗಳೊಳಗೆ ಬರೆಸಿದರೆ ತಡದ ದಂಡವಿಲ್ಲ. ಇದನ್ನು ವಾಚನಾಲಯಕ್ಕೆ ಬಾರದ ಮನೆಯವರಿಗೂ ದಯವಿಟ್ಟು ತಿಳಿಸಿರಿ.

ಆಯೋಗವು ಆರೋಗ್ಯಕ್ಕೆಂದೇ ಸ್ಥಳೀಯ ಸಂಸ್ಥೆಗಳಿಗೆ ಐದು ವರ್ಷಕ್ಕೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅದರಲ್ಲಿ ಹಳ್ಳಿಗಳ ಪಾಲು 43,928 ಕೋಟಿ. ಸ್ವಂತ ಕಟ್ಟಡವಿಲ್ಲದ ಉಪಕೇಂದ್ರಗಳಿಗೆ ಕಟ್ಟಡ, ರಕ್ತ ಮೂತ್ರ ಪರೀಕ್ಷೆಯ ಸಲಕರಣೆ ಮುಂತಾದವು ಅದರ ಬಾಬುಗಳು. ಕಟ್ಟಡ ಬೇಕು, ಒಪ್ಪತಕ್ಕದ್ದೇ. ಆದರೆ ಬೀಗ ಹಾಕಿದ ಹೊಸ ಕಟ್ಟಡಕ್ಕಿಂತ ಬಾಗಿಲು ತೆರೆದ ಹಳೆಯ ಕೋಣೆ ಮೇಲು. ನಿಮ್ಮ ಸೀಮೆಯಲ್ಲಿ ಯಾವ ಉಪಕೇಂದ್ರಕ್ಕೆ ಏನು ಬಂತು, ಬಂದದ್ದು ಬಳಕೆಯಲ್ಲಿದೆಯೇ ಎಂದು ನೋಡಿಬರುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಲೆಕ್ಕ ಕೇಳುವುದಕ್ಕೂ ಕಾನೂನಿನಲ್ಲಿ ಒಂದು ಹೊತ್ತು ಇದೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಪ್ರತಿ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಜಮೆ, ಖರ್ಚು, ಕಾಮಗಾರಿಗಳನ್ನು ಜನರ ಎದುರು ತೆರೆದಿಡುವ ದಿನ ಅದು. ಎಳ್ಳು, ಹೆಸರಿನ ರಾಶಿಯ ಗಡಿಬಿಡಿ ಇರುತ್ತದೆ, ತೊಗರಿಯಲ್ಲಿ ಕಳೆ ತೆಗೆಯುವುದಿರುತ್ತದೆ, ನಿಜ. ಆದರೂ ಮನೆಗೊಬ್ಬರು ಹೋಗಿರಿ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿರಿ, ಉಪಕೇಂದ್ರದ ಬಾಗಿಲು ಎಂದು ತೆರೆದಿರುತ್ತದೆಂದು ಅವರಿಗೇ ಹೆಚ್ಚು ಗೊತ್ತು. ಆರೋಗ್ಯ ಸಮಿತಿಯ ಖಾತೆಯಲ್ಲಿ ಎಷ್ಟಿದೆ, ಈ ವರ್ಷ ಎಷ್ಟು ಸಲ ಸಭೆ ಸೇರಿತು ಎಂಬುದನ್ನು ಮೊದಲು ಕೇಳಿರಿ. ಮುಂದಿನ ವರ್ಷದ ಯೋಜನೆಗೆ ನಿಮ್ಮ ಬೇಡಿಕೆಯನ್ನು ಬಾಯಿಮಾತಿನಲ್ಲಿ ಹೇಳಿ ಬರಬೇಡಿರಿ. ಬರೆದು ಕೊಟ್ಟು, ಸಭೆಯ ನಡವಳಿ ಪುಸ್ತಕದಲ್ಲಿ ಸೇರಿತೇ ಎಂದು ನೋಡಿ, ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆದುಕೊಂಡೇ ಮನೆಗೆ ಬನ್ನಿರಿ.