ಗಡ್ಡೆಯ ಹೆಸರನ್ನು ಮೊದಲು ಕೇಳಿರಿ

ಯಕೃತ್ತಿನಲ್ಲಿ ಗಡ್ಡೆಯಿದೆಯೆಂದು ಸ್ಕ್ಯಾನಿನ ವರದಿ ಬಂದೊಡನೆ ನಮ್ಮ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮನೆಗಳಲ್ಲಿ ಏನು ನಡೆಯುವುದೆಂಬುದನ್ನು ವಾಚಕರು ಬಲ್ಲರು. ಒಬ್ಬರು ಅರ್ಬುದವೆಂದು ಅಳುವರು. ಮತ್ತೊಬ್ಬರು ಇನ್ನು ವೆಚ್ಚಮಾಡಿ ಫಲವಿಲ್ಲವೆನ್ನುವರು. ಮೂರನೆಯವರು ನಾಟಿಮದ್ದಿಗೆ ಓಡುವರು. ಗಡ್ಡೆಯ ಜಾತಿ ಯಾವುದೆಂದು ಕೇಳುವವರು ಮಾತ್ರ ವಿರಳ. ಈ ಪ್ರಶ್ನೆಯ ಮಹತ್ವವನ್ನು ತೋರಿಸಲು ಅತ್ಯಪೂರ್ವವಾದೊಂದು ವ್ಯಾಧಿಯನ್ನು ನಾವು ದೃಷ್ಟಾಂತವಾಗಿ ತೆಗೆದುಕೊಳ್ಳುತ್ತೇವೆ.

ಒಂಟಿ ನಾರುಗಡ್ಡೆಯೆಂಬ ಈ ವ್ಯಾಧಿಯನ್ನು 1931ರಲ್ಲಿ ಕ್ಲೆಂಪರರ್ ಮತ್ತು ರಾಬಿನ್ ಎಂಬ ವೈದ್ಯರು ಶ್ವಾಸಕೋಶದ ಹೊದಿಕೆಯಲ್ಲಿ ಕಂಡು ವಿವರಿಸಿದರು. ಯಕೃತ್ತಿನಲ್ಲಿ ಅದು ಹುಟ್ಟುವುದು ಬಹಳ ಅಪರೂಪ. ಸಾಮಾನ್ಯವಾಗಿ ಮೆಲ್ಲಮೆಲ್ಲನೆ ಬೆಳೆಯುವುದರಿಂದ ಹೊಟ್ಟೆ ಭಾರವಾಗುವ ತನಕ ರೋಗಿಗೆ ಅರಿವಾಗದು. ಕೆಲವರಲ್ಲಿ ಅದು ಇನ್ಸುಲಿನ್ನಿನಂತೆ ವರ್ತಿಸುವ ದ್ರವ್ಯವನ್ನು ಸ್ರವಿಸಿ ರಕ್ತದ ಸಕ್ಕರೆಯನ್ನು ಇಳಿಸುವುದರಿಂದ, ಮಧುಮೇಹದ ಔಷಧವನ್ನೇ ಸೇವಿಸದವನೂ ಬೆವತು ಮೂರ್ಛೆಹೋಗುವುದುಂಟು.

ಸ್ಕ್ಯಾನು ಗಡ್ಡೆಯ ಗಾತ್ರವನ್ನೂ ಸ್ಥಾನವನ್ನೂ ತಿಳಿಸುವುದು. ಜಾತಿಯನ್ನು ನಿಶ್ಚಯವಾಗಿ ಹೇಳಲಾರದು. ಅದಕ್ಕೆ ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನ್ಯಾಬ್-2, ಸ್ಟ್ಯಾಟ್-6 ಎಂಬ ಎರಡು ಜೀನುಗಳ ಜೋಡಣೆಯೇ ಈ ಗಡ್ಡೆಯ ಗುರುತೆಂದು 2013ರಲ್ಲಿ ಪ್ರಕಟವಾದ ಮೇಲೆ, ಸ್ಟ್ಯಾಟ್-6 ವರ್ಣಪರೀಕ್ಷೆಯಿಂದ ನಿರ್ಣಯವು ಬಹಳ ಸುಗಮವಾಗಿದೆ. ಜಾತಿ ತಿಳಿದರೆ ದಾರಿಯೂ ತಿಳಿಯುವುದು. ಗಡ್ಡೆಯನ್ನು ಸಂಪೂರ್ಣವಾಗಿ ಕತ್ತರಿಸಿ ತೆಗೆಯುವುದೇ ಇದರ ಮುಖ್ಯ ಚಿಕಿತ್ಸೆ; ಹಾಗೆ ತೆಗೆದಲ್ಲಿ ಅನೇಕರು ಗುಣಹೊಂದುವರು. ಕೆಲವು ಗಡ್ಡೆಗಳು ಎಷ್ಟೋ ವರ್ಷಗಳ ಮೇಲೆ ಮರುಕಳಿಸುವುದರಿಂದ ದೀರ್ಘಕಾಲ ತಪಾಸಣೆ ನಡೆಯುತ್ತಿರಬೇಕು. ಇಂಥ ರೋಗಿಯನ್ನು ಸಾಮಾನ್ಯ ಯಕೃತ್ತಿನ ಅರ್ಬುದವೆಂದು ಭಾವಿಸಿ ಕೈಬಿಟ್ಟರೆ ಅದೆಂಥ ಅನ್ಯಾಯ!

ಸಾವಿರದಲ್ಲೊಬ್ಬನಿಗೂ ಬಾರದ ರೋಗಕ್ಕೆ ಇಷ್ಟು ಚರ್ಚೆಯೇಕೆಂದು ಅಧಿಕಾರಿಗಳು ಕೇಳಬಹುದು. ನಮ್ಮ ಉತ್ತರವಿಷ್ಟೆ: ಅಪೂರ್ವ ಗಡ್ಡೆಯನ್ನು ಗುರುತಿಸುವ ಏರ್ಪಾಡೇ ಸ್ತನದ, ಗರ್ಭಕೋಶದ, ಕರುಳಿನ ಸಾಮಾನ್ಯ ಗಡ್ಡೆಗಳನ್ನೂ ಗುರುತಿಸುವ ಏರ್ಪಾಡು.

ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಮಹಾವಿದ್ಯಾಲಯವಿದೆ, ಮಂಗಳೂರಿನಲ್ಲಿ 1848ರಿಂದ ನಡೆದುಬಂದ ವೆನ್ಲಾಕ್ ಆಸ್ಪತ್ರೆಯಿದೆ, ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ. ಆದರೆ ಸುಬ್ರಹ್ಮಣ್ಯದ ಕಡೆಯ ಕೂಲಿಕಾರನೊಬ್ಬನು ಪರೀಕ್ಷೆಯೊಂದಕ್ಕಾಗಿ ದಿನಗೂಲಿ ಕಳೆದುಕೊಂಡು ಎಷ್ಟು ಸಲ ಮಂಗಳೂರಿಗೆ ಇಳಿಯಬಲ್ಲನು, ಎಷ್ಟು ಸಲ ಘಟ್ಟ ಹತ್ತಬಲ್ಲನು? ಮೇಣದಲ್ಲಿ ಹುದುಗಿಸಿದ ತುಣುಕಾದರೋ ಕೆಡದೆ ಎಷ್ಟು ದೂರಕ್ಕಾದರೂ ಹೋಗಬಲ್ಲದು. ಆದುದರಿಂದ ರೋಗಿಯು ಅಲೆಯುವ ಬದಲು ತುಣುಕು ಪ್ರಯಾಣಮಾಡಲಿ. ಅದನ್ನು ಸರಕಾರದ ವೆಚ್ಚದಲ್ಲಿ ತಕ್ಕ ಪ್ರಯೋಗಾಲಯಕ್ಕೆ ಕಳುಹಿಸಿ, ನಿಯಮಿತ ದಿನಗಳೊಳಗೆ ಉತ್ತರವನ್ನು ತಾಲೂಕು ಆಸ್ಪತ್ರೆಗೇ ತರಿಸುವ ಕ್ರಮವನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಖಚಿತಪಡಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಆಯುಷ್ಮಾನ್ ಯೋಜನೆಯಿದ್ದರೂ, ರೋಗವು ಯಾವುದೆಂದು ತಿಳಿಯದಿದ್ದರೆ ಆ ಹಣದಿಂದ ಯಾರಿಗೇನು ಪ್ರಯೋಜನ?

ವಾಚಕರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ನೆರೆಯವರ ಮನೆಗೆ ಇಂಥ ವರದಿ ಬಂದಾಗ ಮರುಕದ ಮಾತಾಡಿ ಹಿಂದಿರುಗಬೇಡಿರಿ. ತುಣುಕಿನ ಪರೀಕ್ಷೆಯಾಯಿತೇ ಎಂದು ಕೇಳಿರಿ. ಆಗಿರದಿದ್ದರೆ ಆ ಮನೆಯವರೊಡನೆ ಆಸ್ಪತ್ರೆಗೆ ಹೋಗಿ ವೈದ್ಯರನ್ನು ವಿಚಾರಿಸಿರಿ.