ಕನಕಪುರದ ಹೆಂಗಸಿಗೆ ಯಾವ ವಂಕಿ?

ಕುಟುಂಬ ಯೋಜನೆಯ ಮಾತನ್ನು ಪಕ್ಷದ ಪತ್ರಿಕೆಯ ಸಂಪಾದಕೀಯದಲ್ಲಿ ಎತ್ತಿದರೆ ಮೂಗು ಮುರಿಯುವ ಓದುಗರಿದ್ದಾರೆಂಬುದು ನಮಗೆ ಗೊತ್ತು. ಅಂಥವರು ಈ ವಾರ ನಮ್ಮನ್ನು ಕ್ಷಮಿಸಬೇಕು. ಹಳ್ಳಿಯ ಹೆಂಗಸರಿಗೆ ಕಕ್ಕಸು ಬೇಕು, ಅಡಿಗೆಮನೆಯ ಹೊಗೆ ಹೋಗಬೇಕು ಎಂಬುದನ್ನು ರಾಜಕೀಯದ ಪ್ರಶ್ನೆಯನ್ನಾಗಿ ಮಾಡಿದವರು ಲೋಹಿಯಾ. ವಂಕಿಯ ಪ್ರಶ್ನೆಯೂ ಅದೇ ಸಾಲಿನದು.

ಸದಸ್ಯತ್ವದ ಕೆಲಸದ ಮೇಲೆ ಕನಕಪುರ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಹಿಪ್ಪುನೇರಳೆ ತೋಟದ ಬದುವಿನ ಮೇಲೆ, ಸೊಪ್ಪಿನ ಹೊರೆಯ ಪಕ್ಕದಲ್ಲಿ, ಎರಡು ಮಕ್ಕಳ ತಾಯಿಯೊಬ್ಬಳು ಕುಳಿತಿದ್ದಳು. ಮುಖ ಬಿಳಿಚಿಕೊಂಡಿತ್ತು. ನಮ್ಮೊಡನೆ ಬಂದಿದ್ದ ಮಹಿಳಾ ಕಾರ್ಯಕರ್ತೆಯ ಹತ್ತಿರ ಅವಳು ಹೇಳಿಕೊಂಡದ್ದಿಷ್ಟು: ಎರಡನೆಯ ಹೆರಿಗೆಯಾದ ಮೇಲೆ ತಾಮ್ರದ ವಂಕಿ ಹಾಕಿದರು. ಅಂದಿನಿಂದ ಮುಟ್ಟೆಂದರೆ ಎಂಟು ಒಂಬತ್ತು ದಿನ, ಸೊಂಟ ಎತ್ತಲಾಗದ ನೋವು. ತೆಗೆದುಬಿಡಿ ಎಂದು ಹೋದರೆ, “ಅಭ್ಯಾಸವಾಗುತ್ತೆ ಹೋಗಮ್ಮ, ಇಲ್ಲದಿದ್ದರೆ ಆಪರೇಷನ್ ಮಾಡಿಸ್ಕೋ” ಎಂಬ ಉತ್ತರ. “ಇವಳ ಕೈಲಿ ಹೊರೆ ಎತ್ತಕ್ಕೇ ಆಗ್ತಿಲ್ಲ ಮೇಷ್ಟ್ರೇ” ಎಂದ ಗಂಡ. “ನೀನೇ ಆಪರೇಷನ್ ಮಾಡಿಸಿಕೊಳ್ಳಬಾರದೇನಪ್ಪ?” ಎಂದು ಕೇಳಿದೆವು. ಅವನು ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಎದ್ದುಹೋದ.

ಅವಳ ನಾದಿನಿ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಗಾರ್ತಿ. ಬೋನಸ್ಸಿನ ಹಣವನ್ನೆಲ್ಲ ಸುರಿದು ಖಾಸಗಿ ವೈದ್ಯರಲ್ಲಿ ಬೇರೊಂದು ಬಗೆಯ ವಂಕಿ ಹಾಕಿಸಿಕೊಂಡಿದ್ದಾಳೆ. ಮೊದಲ ನಾಲ್ಕು ತಿಂಗಳು ಆಗಾಗ್ಗೆ ಕಲೆ ಕಾಣಿಸಿಕೊಂಡು ಅವಳೂ ಹೆದರಿದಳಂತೆ. ಆಮೇಲೆ ಸ್ರಾವ ತಗ್ಗುತ್ತ ಬಂದು ಈಗ ಮುಟ್ಟೇ ನಿಂತಂತಾಗಿದೆ. ಕೆಟ್ಟ ರಕ್ತವೆಲ್ಲ ಹೊಟ್ಟೆಯೊಳಗೇ ಕಟ್ಟಿಕೊಂಡಿತೆಂದು ಅತ್ತೆಯ ಗಲಾಟೆ. ಕೊನೆಗೆ ಒಬ್ಬ ನರ್ಸಮ್ಮ ಕೂರಿಸಿಕೊಂಡು ತಿಳಿಸಿ ಹೇಳಿದ ಮೇಲೆ ಮನೆ ಶಾಂತವಾಯಿತು.

ಆ ನರ್ಸಮ್ಮ ಹೇಳಿದ್ದನ್ನು ನಾವೂ ಇಲ್ಲಿ ಹೇಳಬೇಕು. ಇದೂ ತಾಮ್ರದ ವಂಕಿಯಂತೆಯೇ ಗರ್ಭಚೀಲದೊಳಗೆ ಕೂರುವ ಸಣ್ಣ ಪ್ಲಾಸ್ಟಿಕ್ ವಸ್ತು. ತಾಮ್ರದ ಬದಲು ಇದರ ಕಡ್ಡಿಯಲ್ಲಿ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು 52 ಮಿಲಿಗ್ರಾಂನಷ್ಟು ಇರುತ್ತದೆ. ಅದು ದಿನಕ್ಕಿಷ್ಟೆಂದು ಅತಿ ಸ್ವಲ್ಪವಾಗಿ ಒಸರುತ್ತದೆ. ಗರ್ಭಚೀಲದ ಒಳಪದರ ತೆಳ್ಳಗೇ ಉಳಿಯುತ್ತದೆ. ಪದರವೇ ಬೆಳೆಯದಿದ್ದಾಗ ಉದುರುವುದೇನು? ಆದ್ದರಿಂದ ರಕ್ತ ಒಳಗೆ ಕಟ್ಟಿಕೊಳ್ಳುವ ಮಾತೇ ಇಲ್ಲ. ಐದು ವರ್ಷ ಮತ್ತು ಅದಕ್ಕೂ ಮಿಕ್ಕಿ ಕೆಲಸ ಮಾಡುತ್ತದೆ. ತೆಗೆಸಿದರೆ ಮತ್ತೆ ಬಸಿರಾಗಬಹುದು. ದೋಷವಿಲ್ಲವೆಂದಲ್ಲ. ಕೆಲವರಿಗೆ ತಲೆನೋವು, ಮನಸ್ಸಿನ ಕಿರಿಕಿರಿ. ಕೆಲವರಲ್ಲಿ ಜಾರಿ ಬೀಳುವುದೂ ಉಂಟು. ಸ್ತನದ ಕ್ಯಾನ್ಸರ್ ಬಂದವರಿಗೆ ಸಲ್ಲದು. ಆದರೆ ಅತಿಸ್ರಾವದಿಂದ ನರಳುವವಳಿಗೆ ಇದು ಔಷಧವೂ ಹೌದು. ಎಷ್ಟೋ ಜನ ಗರ್ಭಚೀಲವನ್ನೇ ತೆಗೆಸುವುದನ್ನು ಇದು ತಪ್ಪಿಸಬಲ್ಲದು.

1990ರಲ್ಲಿ ಫಿನ್ಲೆಂಡಿನಲ್ಲಿ ಬಳಕೆಗೆ ಬಂದದ್ದು ಕನಕಪುರದ ಹಳ್ಳಿಯನ್ನು ಇಂದಿಗೂ ಏಕೆ ಮುಟ್ಟಿಲ್ಲ? 2022ರ ಅವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರಿದೆ. ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ಕಾರ್ಖಾನೆ ಇರುವ ಎಚ್‌ಎಲ್‌ಎಲ್, ಕೇಂದ್ರ ಸರ್ಕಾರದ ಉದ್ದಿಮೆ. ಇಂಥ ವಂಕಿಯನ್ನು ಅದೇ ಮಾರುಕಟ್ಟೆಗೆ ತಂದಿದೆ. ಆದರೂ ಸರ್ಕಾರ ಪುಕ್ಕಟೆ ಕೊಡುವ ಸಾಧನಗಳ ಸಾಲಿನಲ್ಲಿ ಇದಿಲ್ಲ. ಹಣವುಳ್ಳವಳು ಸಾವಿರಾರು ರೂಪಾಯಿ ತೆತ್ತು ಕೊಳ್ಳುತ್ತಾಳೆ. ಸೊಪ್ಪು ಕೊಯ್ಯುವವಳಿಗೆ ತಾಮ್ರದ್ದೇ ಗತಿ. ಹಿಂದಿನವರಿಗೆ ವಂಕಿಯೆಂದರೆ ಉಳ್ಳವರ ತೋಳಿನ ಒಡವೆ. ಇದೂ ಹಾಗೆಯೇ ಆಗಿ ಕುಳಿತಿದೆ!

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಮದುವೆಯಾದವರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ನಿನ ಲೆಕ್ಕ ನೂರಕ್ಕೆ ಒಂದೂ ಇಲ್ಲ. ಮೈಯಲ್ಲಿ ರಕ್ತವೇ ಸಾಲದವರ ಮುಂದೆ ಸ್ರಾವ ಹೆಚ್ಚಿಸಬಹುದಾದ ವಂಕಿಯೊಂದನ್ನೇ ಇಟ್ಟು, ಒಗ್ಗದಿದ್ದರೆ ಕತ್ತರಿ ತೋರಿಸುವುದು ಯಾವ ಯೋಜನೆ?

ಈ ಸೀಮೆಗೆ ಇಂಥ ಪ್ರಯೋಗಗಳು ಹೊಸದಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನವು ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆಜ್ಞೆ ಹೊರಡಿಸಿತ್ತು. 1952ರ ಸುಮಾರಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಮ್ಮ ರಾಮನಗರದಲ್ಲಿಯೇ ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸಿ ಸುರಕ್ಷಿತ ದಿನ ಎಣಿಸಿರೆಂದರು. ಕಡೆಯವರೆಗೆ ಪಾಲಿಸಿದವರು ಕೆಲವರೇ. 1965ರಲ್ಲಿ ಲೂಪು ಬಂತು. ತಲೆಯೆಣಿಕೆಯ ಮೇಲೆ ಹಣ, ಹಾಕಿದ ಮೇಲೆ ವಿಚಾರಿಸುವವರಿಲ್ಲ. ರಕ್ತಸ್ರಾವವಾದವರು ಊರೂರಿಗೆ ಹೇಳಿದರು, ಯೋಜನೆ ಕುಸಿಯಿತು. ಬಳಿಕ 1975-77ರ ತುರ್ತುಪರಿಸ್ಥಿತಿಯ ಬಲಾತ್ಕಾರದ ಆಪರೇಷನ್ನುಗಳನ್ನು ಯಾರು ಮರೆತಾರು? ಮಣಿಯಿಂದ ಕತ್ತರಿಯವರೆಗೆ ಆಯ್ಕೆ ಮಾಡಿದವರು ಅಧಿಕಾರಿಗಳು. ಹೆಂಗಸನ್ನು ಕೇಳಿದವರು ಯಾರೂ ಇಲ್ಲ.

ಬಡವರ ಮಕ್ಕಳೇ ಬಡತನಕ್ಕೆ ಕಾರಣವೆಂಬ ಉಳ್ಳವರ ವಾದವನ್ನು ನಾವು ಎಂದೂ ಒಪ್ಪಿದವರಲ್ಲ. ಎಲ್ಲರಿಗೂ ಈ ಹಾರ್ಮೋನಿನ ವಂಕಿಯನ್ನೇ ಹಾಕಿರೆಂದೂ ಹೇಳುವುದಿಲ್ಲ. ತಾಮ್ರದ್ದು ಒಗ್ಗಿದವರಿಗೆ ಅದೇ ಇರಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಎರಡೂ ಪುಕ್ಕಟೆ ಸಿಗಬೇಕು. ಮೊದಲ ತಿಂಗಳುಗಳಲ್ಲಿ ಏನಾಗುತ್ತದೆಂದು ಹಾಕುವ ಮುನ್ನವೇ ಕನ್ನಡದಲ್ಲಿ ತಿಳಿಸಬೇಕು. ತೆಗೆಯಿರಿ ಎಂದು ಬಂದವಳಿಗೆ ಅಂದೇ ತೆಗೆಯಬೇಕು, ಕಾರಣ ಕೇಳಬಾರದು. ಈ ಮೂರು ಬೇಡಿಕೆಗಳ ಮನವಿಯನ್ನು ನಮ್ಮ ಮಹಿಳಾ ಕಾರ್ಯಕರ್ತೆಯರು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಸಲ್ಲಿಸಲಿದ್ದಾರೆ. ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.